ಸುಕ್ಕು ಬರೆಯುವವಳು

ಅಣ್ಣ ಫೋಟೋ ತೆಗೆಯುತ್ತಿದ್ದ, ಉಳಿದದ್ದನ್ನೆಲ್ಲ ತಂಗಿ ಮಾಡುತ್ತಿದ್ದಳು. ಈ ‘ಉಳಿದದ್ದು’ ಎಷ್ಟು ದೊಡ್ಡದು ಎಂಬುದು ಅಣ್ಣನಿಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳುವ ಅಗತ್ಯವೂ ಅವನಿಗೆ ಬಿದ್ದಿರಲಿಲ್ಲ. ಕ್ಯಾಮೆರಾ ಕುತ್ತಿಗೆಗೆ ನೇತುಹಾಕಿಕೊಂಡು ಸ್ಟುಡಿಯೋದ ಹಿಂದಿನ ಕೋಣೆಗೆ ಬರುವನು, ಹಣ್ಣು ತಿಂದು ಬೀಜ ಉಗುಳುವವನ ಹಾಗೆ ಮೆಮೊರಿ ಕಾರ್ಡನ್ನು ಅವಳ ಮೇಜಿನ ಮೇಲೆ ಎಸೆಯುವನು, “ನೋಡ್ಕೊಳೇ ಗುಬ್ಬಿ” ಎಂದು ಹೊರಟೇಬಿಡುವನು.

ಗುಬ್ಬಿ ಅನ್ನುವುದು ಚಿಕ್ಕಂದಿನಲ್ಲಿ ಮನೆಯವರು ಅಂಟಿಸಿದ ಹೆಸರು. ಈಗ ಅವಳಿಗೆ ನಲವತ್ತು ದಾಟಿತ್ತು. ಆ ಕೋಣೆಯ ಬಾಗಿಲಿಗೆ ತಲೆ ತಗ್ಗಿಸಿಯೇ ನುಗ್ಗಬೇಕಾದಷ್ಟು ಎತ್ತರದ ಹೆಂಗಸು. ಹೆಸರು ಮಾತ್ರ ಬೆಳೆಯಲಿಲ್ಲ.

ಕೋಣೆಗೆ ಕಿಟಕಿಯಿಲ್ಲ. ಗೋಡೆಗಳಿಗೆ ಬೂದಿಬಣ್ಣ. ಗೋಡೆಯ ಬಣ್ಣ ಕಣ್ಣಿಗೆ ಹೊಡೆದರೆ ಪರದೆಯ ಮೇಲಿನ ಚರ್ಮದ ಬಣ್ಣ ಸುಳ್ಳಾಗಿ ಕಾಣುತ್ತದೆಂದು ಅವಳೇ ಬಳಿದುಕೊಂಡದ್ದು. “ಜೈಲು ಇದ್ದಂಗಿದೆಯಪ್ಪ” ಎಂದು ಅತ್ತಿಗೆ ಹೊಸ್ತಿಲ ಮೇಲೇ ನಿಂತು ಮೂಗು ಮುರಿಯುತ್ತಿದ್ದಳು, ಒಳಗೆ ಕಾಲಿಡುತ್ತಿರಲಿಲ್ಲ. ಅದೊಂದು ಅನುಕೂಲವೇ ಆಗಿತ್ತು.

ಕಾರ್ಡು ಬಂದ ತಕ್ಷಣ ಗುಬ್ಬಿ ಅದರಲ್ಲಿದ್ದದ್ದನ್ನು ಎರಡು ಬೇರೆ ಬೇರೆ ಡಿಸ್ಕಿಗೆ ಇಳಿಸುತ್ತಿದ್ದಳು, ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಆಮೇಲೆ ಆರಿಸುವ ಕೆಲಸ. ಅಣ್ಣ ಒಂದೇ ಮುಖಕ್ಕೆ ಮೈಮೇಲೆ ಬಂದವನಂತೆ ಕ್ಲಿಕ್ಕಿಸಿರುತ್ತಿದ್ದ. ಕಣ್ಣು ಮುಚ್ಚಿದ್ದು, ಬಾಯಿ ಸೊಟ್ಟಗಾದದ್ದು, ಫೋಕಸ್ಸು ಕಣ್ಣು ಬಿಟ್ಟು ಕಿವಿಯ ಮೇಲೆ ಕೂತದ್ದು, ಎಲ್ಲ ಒಟ್ಟಿಗೇ ರಾಶಿ ಬಿದ್ದಿರುತ್ತಿತ್ತು. ಆ ರಾಶಿಯನ್ನು ಜರಡಿ ಹಿಡಿದು, ಚೆನ್ನಾಗಿರುವುದಕ್ಕೆ ನಕ್ಷತ್ರದ ಗುರುತು ಹಾಕಿ, ಬಣ್ಣ ಸರಿಮಾಡಿ, ಬೆಳಕು ಏರಿಸಿ ಇಳಿಸಿ, ಮುಖಕ್ಕೆ ಕಂಪ್ಯೂಟರಿನ ಬ್ರಷ್ಷು ಹಿಡಿದು, ಕೊನೆಗೆ ವೆಬ್‌ಸೈಟಿಗೊಂದು ಸಣ್ಣ ಅಳತೆ, ಮುದ್ರಣಕ್ಕೊಂದು ದೊಡ್ಡ ಅಳತೆ ಮಾಡಿ, ಮೂಲೆಯಲ್ಲಿ ಅಣ್ಣನ ಸಹಿ ಒತ್ತಿ ಲೋಕಕ್ಕೆ ಬಿಡುವವಳು ಅವಳೇ. ಅಣ್ಣನ ಸಹಿಯನ್ನು ಅಣ್ಣನಿಗಿಂತ ಹೆಚ್ಚು ಸಲ ಹಾಕಿದವಳೂ ಅವಳೇ.

ಬರುವ ಗಿರಾಕಿಗಳ ಬಗ್ಗೆ ಅವಳಿಗೆ ತಿರಸ್ಕಾರ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಬೋಳುತಲೆಯ ಮ್ಯಾನೇಜರನಿಗೆ ಕೂದಲು ಬೇಕು, ಅದೂ ಅನುಮಾನ ಬಾರದಷ್ಟು. ಪ್ರೊಫೆಸರಮ್ಮನಿಗೆ ಕತ್ತಿನ ಮಡಿಕೆ ಬೇಡ. ಮೂರು ಪದಕದ ಪೈಲ್ವಾನನೊಬ್ಬ ಬಾಗಿಲ ಸಂದಿಯಿಂದ ಇಣುಕಿ, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಖಾತ್ರಿಮಾಡಿಕೊಂಡು, “ಮೇಡಂ, ತುಟಿ ಸ್ವಲ್ಪ ಗುಲಾಬಿ ಮಾಡ್ತೀರಾ?” ಎಂದು ಕೇಳಿದ್ದ. ‘ಇವರಿಗೆಲ್ಲ ಫೋಟೋ ಯಾಕೆ, ಪಕ್ಕದ ಮನೆಯವನ ಮುಖ ಕಿತ್ತು ಅಂಟಿಸಿಕೊಳ್ಳಬಾರದಾ’ ಎಂದು ಗೊಣಗುತ್ತಲೇ ತುಟಿ ಗುಲಾಬಿ ಮಾಡಿದ್ದಳು. ಅನುಮಾನ ಬಾರದ ಹಾಗೆ.

ಹೀಗಿರುವಾಗ ಅಣ್ಣನಿಗೆ ಕಲೆ ಹಿಡಿಯಿತು.

ಗ್ಯಾಲರಿಯ ಯಜಮಾನನೊಬ್ಬ ಅವನಿಗೆ ಎಲ್ಲೋ ಸಿಕ್ಕಿದ್ದ. ಕಪ್ಪು ಬಟ್ಟೆ ಬಿಟ್ಟು ಬೇರೆ ಹಾಕದವನು, ಮಾತಿಗೆ ಮೊದಲು ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನಿರುವವನು. ಈಗ ಜನಕ್ಕೆ ನಯವಾದ ಮುಖಗಳು ಸಾಕಾಗಿವೆ, ತಿದ್ದದ ಮುಖಗಳು ಬೇಕಾಗಿವೆ ಎಂದು ಅವನು ಕಣ್ಣು ಮುಚ್ಚಿಕೊಂಡೇ ಹೇಳಿದನಂತೆ. ಅಣ್ಣ ಗಡ್ಡ ಬಿಟ್ಟ. ಸ್ಟುಡಿಯೋದ ಗಿರಾಕಿಗಳನ್ನು ‘ಮುಖವಾಡಗಳು’ ಎಂದು ಕರೆಯತೊಡಗಿದ. ವಯಸ್ಸಾದವರನ್ನು ಹುಡುಕಿ ಹುಡುಕಿ ಕೂರಿಸಿ ಫೋಟೋ ತೆಗೆದ. ಪ್ರದರ್ಶನಕ್ಕೆ ‘ಇದ್ದ ಹಾಗೇ’ ಎಂದು ಹೆಸರಿಟ್ಟದ್ದು ಅತ್ತಿಗೆ. ಬ್ಯಾಂಕಿನಲ್ಲಿ ಪ್ರಚಾರ ವಿಭಾಗ ನೋಡಿಕೊಳ್ಳುತ್ತಿದ್ದವಳು ಅವಳು. ಸಾಲವನ್ನೇ ಸಂತೋಷ ಎಂದು ಮಾರಿದವಳಿಗೆ ಇದು ಯಾವ ಲೆಕ್ಕ?

“ಒಂದ್ ಚೂರೂ ತಿದ್ದಿಲ್ಲ ಅಂತ ಕಾಣ್ಬೇಕು” ಎಂದ ಅಣ್ಣ, ಅವಳ ಕುರ್ಚಿಯ ಹಿಂದೆ ನಿಂತು.

“ತಿದ್ದೋದೇ ಬೇಡ ಬಿಡು. ಹಂಗೇ ಹಾಕೋಣ” ಎಂದಳು ಗುಬ್ಬಿ. ಒಂದು ತಿಂಗಳ ಕೆಲಸ ತಪ್ಪಿತೆಂದು ಅವಳಿಗೆ ಒಳಗೊಳಗೇ ಖುಷಿ.

ಅಣ್ಣ ಪರದೆಯನ್ನು ನೋಡಿದ. ಅಲ್ಲೊಬ್ಬ ನಿವೃತ್ತ ಬಸ್ ಡ್ರೈವರ್ ಆರಾಮವಾಗಿ ಕೂತಿದ್ದ. ಊಟ ಮುಗಿಸಿ ಬಂದವನ ತೃಪ್ತ ಮುಖ.

“ಇದ್ರಲ್ಲಿ ಸತ್ಯ ಇಲ್ಲ” ಎಂದ ಅಣ್ಣ.

“ಸತ್ಯ ಬೇಕು ಅಂದ್ರೆ ಯಾವ ಸ್ಲೈಡರ್ ಎಳೀಲಿ, ಬೆಳಕಿಂದಾ, ಬಣ್ಣದ್ದಾ?”

ಅವನು ತಮಾಷೆ ಎಂದುಕೊಳ್ಳಲಿಲ್ಲ. ಬಗ್ಗಿ, ಪರದೆಗೆ ಬೆರಳು ಒತ್ತಿ, ಕಣ್ಣ ಕೆಳಗೆ, ಹಣೆಯ ಮೇಲೆ, ಬಾಯ ಪಕ್ಕ ತೋರಿಸಿದ. “ಇಲ್ಲೆಲ್ಲ ಬದುಕು ಕಾಣ್ಬೇಕು.” ಪರದೆಯ ಮೇಲೆ ಅವನ ಬೆರಳಿನ ಜಿಡ್ಡು ಉಳಿಯಿತು.

ಆಗ ಗುಬ್ಬಿ ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ತಲೆಕೆಳಗು ಮಾಡಿದಳು. ಫೋಟೋವನ್ನು ಕಪ್ಪುಬಿಳುಪಿಗೆ ತಿರುಗಿಸಿ ಕೆಂಪು, ಕಿತ್ತಳೆಗಳನ್ನು ತಗ್ಗಿಸಿದರೆ ಚರ್ಮದ ಮೇಲಿನ ಒಂದೊಂದು ಕಲೆಯೂ ಕಪ್ಪಗೆ ಮೇಲೆದ್ದು ಬರುತ್ತದೆ. ಮೇಲೆ ಒಂದು ತೆಳು ಪದರ ಹಾಸಿ, ಸಣ್ಣ ಬ್ರಷ್ಷು ಹಿಡಿದು, ಇದ್ದ ಗೆರೆಯ ಹೊಂಡಕ್ಕೆ ಕತ್ತಲು ತುಂಬಿ, ಅಂಚಿಗೆ ಬೆಳಕು ಕೊಟ್ಟರೆ ಕೂದಲೆಳೆಯಂಥ ಗೆರೆ ನೇಗಿಲ ಸಾಲಾಗುತ್ತದೆ. ಇಪ್ಪತ್ತು ವರ್ಷ ಸುಕ್ಕು ಅಳಿಸಿದವಳಿಗೆ ಸುಕ್ಕು ಎಲ್ಲಿ ಹೇಗೆ ಹುಟ್ಟುತ್ತದೆಂದು ಹೇಳಿಕೊಡಬೇಕೆ? ಸಂಜೆಯೊಳಗೆ ಡ್ರೈವರ್ ಯುದ್ಧ ಮುಗಿಸಿ ಬಂದವನಂತಾಗಿದ್ದ.

“ಇದು! ಇದು ನೋಡು ನಾನು ತೆಗ್ದದ್ದು!” ಎಂದ ಅಣ್ಣ. ಅವನ ಕಣ್ಣಲ್ಲಿ ನೀರೇ ಬಂದಿತ್ತು. ಗುಬ್ಬಿಗೆ ಅವನ ಮುಖಕ್ಕೆ ಒರೆಸುವ ಬಟ್ಟೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ. ಜೊತೆಗೆ, ನಿಜ ಹೇಳಬೇಕೆಂದರೆ, ಕೆಲಸ ಎಷ್ಟು ಚೆನ್ನಾಗಿ ಬಂದಿದೆ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು.

ಕೊನೆಗೆ ಕೂತವಳು ಚಿಕ್ಕಮ್ಮ. ಅವರ ಅಮ್ಮನ ತಂಗಿ. ಅಮ್ಮ ತೀರಿಕೊಂಡಾಗ ಇಬ್ಬರನ್ನೂ ತನ್ನ ಎರಡು ಕೋಣೆಯ ಮನೆಗೆ ಕರೆದುಕೊಂಡು ಹೋಗಿ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪಾಳಿ ಮೇಲೆ ಪಾಳಿ ಮಾಡಿ ಸಾಕಿದವಳು. ಈಗ ಎಪ್ಪತ್ತರ ಹತ್ತಿರ. ತಪ್ಪದೆ ಕೂದಲಿಗೆ ಬಣ್ಣ ಹಾಕುತ್ತಾಳೆ, ಬೆಳಗ್ಗೆ ಈಜುಕೊಳಕ್ಕೆ ಹೋಗುತ್ತಾಳೆ, ನಕ್ಕರೆ ಬೀದಿಯ ಆ ಕಡೆಗೆ ಕೇಳುತ್ತದೆ. ಫೋಟೋಗೆಂದು ನೀಲಿ ರೇಷ್ಮೆಯ ಬಟ್ಟೆ, ಮುತ್ತಿನ ಓಲೆ ಹಾಕಿಕೊಂಡು ಬಂದಳು. ಅಣ್ಣ ಓಲೆ ತೆಗೆಸಿದ, ಹೆಗಲ ಮೇಲೊಂದು ಹಳೆಯ ಕಂಬಳಿ ಹೊದಿಸಿದ.

“ಇದೇನೋ, ಗೋಡೌನ್ ವಾಸ್ನೆ ಹೊಡೀತಿದೆ” ಎಂದು ಚಿಕ್ಕಮ್ಮ ನಕ್ಕಳು. ಪ್ರತಿ ಕ್ಲಿಕ್ಕಿಗೂ ನಕ್ಕಳು. ಗುಬ್ಬಿ ಪಕ್ಕದಲ್ಲಿ ಬೆಳಕಿಗೆ ಅಡ್ಡಹಲಗೆ ಹಿಡಿದು ನಿಂತಿದ್ದಳು. ಕಂಬಳಿಯ ಧೂಳು ಮೂಗಿಗೆ ಹೋಗಿ, ಚಿಕ್ಕಮ್ಮನ ಕಣ್ಣು ಅರೆಮುಚ್ಚಿ, ಬಾಯ ಕೊನೆಗಳು ಕೆಳಗಿಳಿದು, ಇನ್ನೇನು ಎನ್ನುವಾಗ ಅಣ್ಣ ಕ್ಲಿಕ್ಕಿಸಿದ. ಮರುಗಳಿಗೆ ಚಿಕ್ಕಮ್ಮ ಸೀನಿದಳು, ಸ್ಟುಡಿಯೋ ಅದುರುವ ಹಾಗೆ.

ಅಣ್ಣ ಆರಿಸಿದ್ದು ಅದನ್ನೇ.

“ಅದು ಸೀನೋ ಮುಂಚಿಂದು ಕಣೋ!” ಎಂದಳು ಗುಬ್ಬಿ.

“ಯಾವುದರ ಮುಂಚಿಂದಾದ್ರೇನು? ಆ ನೋವು ನೋಡು.”

ಗುಬ್ಬಿ ಬ್ರಷ್ಷು ಹಿಡಿದಳು. ತನ್ನನ್ನು ಸಾಕಿದವಳ ಕೆನ್ನೆಯನ್ನು ಒಳಕ್ಕೆ ತಗ್ಗಿಸಿದಳು, ಕಣ್ಣ ಕೆಳಗೆ ಚೀಲ ಕಟ್ಟಿದಳು, ಬಣ್ಣ ಹಾಕಿದ ಕೂದಲಿನ ಬುಡವನ್ನು ಬೆಳ್ಳಗೆ ಮಾಡಿದಳು. ‘ಚಿಕ್ಕಮ್ಮ ಗ್ಯಾಲರಿ ಗೀಲರಿಗೆ ಎಲ್ಲಿ ಹೋಗ್ತಾಳೆ’ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅತ್ತಿಗೆ ಚಿತ್ರಕ್ಕೆ ‘ಕಾಯುತ್ತಲೇ ಕಳೆದ ಬದುಕು’ ಎಂದು ಅಡಿಬರಹ ಕೊಟ್ಟಳು. ಚಿಕ್ಕಮ್ಮ ಬದುಕಿನಲ್ಲಿ ಬಸ್ಸಿಗೂ ನೆಟ್ಟಗೆ ಕಾದವಳಲ್ಲ.

ಪ್ರದರ್ಶನ ಶುರುವಾಯಿತು. ಮುದ್ರಿಸಿ ಚೌಕಟ್ಟು ಹಾಕುವ ಗೋಜಿಲ್ಲದೆ ಗೋಡೆ ತುಂಬ ದೊಡ್ಡ ಪರದೆಗಳು. ಗುಬ್ಬಿ ತನ್ನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರಿಗೆ ಹಾಕಿದ್ದು ತಾನಾಗಿಯೇ ಅಲ್ಲಿಗೂ ವೆಬ್‌ಸೈಟಿಗೂ ಹೋಗುತ್ತಿತ್ತು. ಉದ್ಘಾಟನೆಯ ದಿನ ಅಣ್ಣ ಮೈಕು ಹಿಡಿದು, “ನಾನು ಮುಖವನ್ನು ಮುಟ್ಟುವುದಿಲ್ಲ. ಮುಟ್ಟಲು ನಾನು ಯಾರು?” ಎಂದ. ಚಪ್ಪಾಳೆ. ತೆಳ್ಳನೆಯ ಗ್ಲಾಸು ಹಿಡಿದ ಹೆಂಗಸೊಬ್ಬಳು ಚಿಕ್ಕಮ್ಮನ ಪರದೆಯ ಮುಂದೆ ನಿಂತು, “ಈಕೆ ಒಂದು ಸಲವೂ ನಕ್ಕಿರಲಿಕ್ಕಿಲ್ಲ” ಎಂದು ನಿಟ್ಟುಸಿರಿಟ್ಟಳು. ಗುಬ್ಬಿ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಒಳಗಿದ್ದವರನ್ನೆಲ್ಲ ಒಬ್ಬೊಬ್ಬರಾಗಿ ಮನಸ್ಸಿನಲ್ಲೇ ಉಗಿದಳು. ಪಟ್ಟಿಯಲ್ಲಿ ತನ್ನ ಸರದಿ ಬಂದಾಗ ಎದ್ದು ಮನೆಗೆ ಹೋದಳು.

ಚಿಕ್ಕಮ್ಮ ಗ್ಯಾಲರಿಗೆ ಹೋಗಲಿಲ್ಲ, ಗ್ಯಾಲರಿಯೇ ಚಿಕ್ಕಮ್ಮನ ಹತ್ತಿರ ಬಂತು. ಪ್ರದರ್ಶನದ ಜಾಹೀರಾತಿಗೆಂದು ಅತ್ತಿಗೆ ಆ ಚಿತ್ರವನ್ನೇ ಆರಿಸಿ ಊರಿನ ಬಸ್ ತಂಗುದಾಣಗಳಿಗೆಲ್ಲ ಹಾಕಿಸಿಬಿಟ್ಟಿದ್ದಳು. ಮೊದಲು ಈಜುಕೊಳದ ಗೆಳತಿಯರು ನೋಡಿದರು. ಆಮೇಲೆ ಎಕ್ಸ್‌ಚೇಂಜಿನ ಹಳೆಯ ಸಹೋದ್ಯೋಗಿಗಳು ಫೋನ್ ಮಾಡತೊಡಗಿದರು. ಯಾವ ಕಾಯಿಲೆ, ಯಾವ ಆಸ್ಪತ್ರೆ, ಸಾಕಿದ ಮಕ್ಕಳು ನೋಡಿಕೊಳ್ಳುತ್ತಿಲ್ಲವೇ? ಒಬ್ಬರಂತೂ ಸೂಪು ಮಾಡಿಕೊಂಡು ಬಾಗಿಲಿಗೇ ಬಂದುಬಿಟ್ಟರು.

ಗುಬ್ಬಿ ಹೋದಾಗ ಚಿಕ್ಕಮ್ಮ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. ಕೈಯಲ್ಲಿ ಕನ್ನಡಿ. ಮೇಜಿನ ಮೇಲೆ ಆ ಸೂಪಿನ ಪಾತ್ರೆ, ಮುಚ್ಚಳ ಸಹ ತೆಗೆಯದೆ.

“ನಾನು ಹೀಗಿದೀನೇನೇ?” ಎಂದಳು. ಸಿಟ್ಟಿನ ದನಿಯಲ್ಲ. ನಿಜವಾಗಿ ಕೇಳುತ್ತಿದ್ದಳು. “ದಿನಾ ಬೆಳಗ್ಗೆ ನೋಡ್ಕೋತೀನಿ, ನಂಗೆ ಕಾಣ್ಸಲ್ಲ. ಅವನಿಗೆ ಕಾಣ್ಸಿದೆ. ಕ್ಯಾಮೆರಾ ಸುಳ್ಳು ಹೇಳತ್ತಾ? ಈ ವಾರ ಕೊಳಕ್ಕೂ ಹೋಗಿಲ್ಲ ನಾನು. ಬಟ್ಟೆ ಬದಲಾಯ್ಸುವಾಗ ಎಲ್ರೂ ನನ್ನೇ ನೋಡ್ತಾರೆ ಅನ್ಸತ್ತೆ.”

ಗುಬ್ಬಿ ಎದುರಿನ ಕುರ್ಚಿ ಎಳೆದು ಕೂತಳು. “ಕ್ಯಾಮೆರಾ ಹೇಳಿಲ್ಲ ಚಿಕ್ಕಮ್ಮ. ನಾನು ಮಾಡಿದ್ದು.”

“ನೀನಾ?”

“ಹೂಂ. ಗೆರೆ ಎಲ್ಲ ನಾನೇ ಬರ್ದದ್ದು. ಕೆನ್ನೆನೂ.”

ಚಿಕ್ಕಮ್ಮ ಕನ್ನಡಿಯನ್ನು ಬೋರಲು ಹಾಕಿದಳು. ಅವಳನ್ನು ದಿಟ್ಟಿಸಿ ನೋಡಿದಳು. ಆ ನೋಟ ಗುಬ್ಬಿಗೆ ಹೊಸದಲ್ಲ. ತಾನು ಮ್ಯಾನೇಜರನನ್ನೂ ಪೈಲ್ವಾನನನ್ನೂ ನೋಡುವ ನೋಟ ಅದು. ತನ್ನ ಮೇಲೆ ಬಿದ್ದದ್ದು ಮಾತ್ರ ಇದೇ ಮೊದಲು.

“ಅವನಿಗಾದ್ರೆ ಬುದ್ಧಿ ಇಲ್ಲ, ಚಿಕ್ಕಂದಿಂದ್ಲೂ ಇಲ್ಲ” ಎಂದಳು ಚಿಕ್ಕಮ್ಮ. “ನಿಂಗೆ ಇತ್ತಲ್ಲೇ. ಆ ಪಾತ್ರೆ ತಗೊಂಡು ಹೋಗು. ನಂಗೆ ಕಾಯಿಲೆ ಇಲ್ಲ.”

ಗುಬ್ಬಿ ಸೂಪಿನ ಪಾತ್ರೆ ಹಿಡಿದು ಬೀದಿಯಲ್ಲಿ ನಡೆದಳು. ತಂಗುದಾಣದಲ್ಲಿ ಚಿಕ್ಕಮ್ಮನ ಮುಖ, ಮುಂದಿನ ತಂಗುದಾಣದಲ್ಲೂ ಅದೇ. ತನ್ನ ಕೈಚಳಕ ಅಷ್ಟು ದೂರದಿಂದಲೂ ಎದ್ದು ಕಾಣುತ್ತಿತ್ತು. ಕಣ್ಣ ಕೆಳಗಿನ ಚೀಲವಂತೂ ಅದ್ಭುತವಾಗಿ ಬಂದಿತ್ತು. ಅವಳಿಗೆ ಹೇಸಿಗೆಯಾಯಿತು.

ಮರುದಿನ ಮಧ್ಯಾಹ್ನ, ಅಣ್ಣ ಯಾವುದೋ ಕಾಲೇಜಿನಲ್ಲಿ ಪ್ರಾಮಾಣಿಕತೆಯ ಬಗ್ಗೆ ಉಪನ್ಯಾಸ ಕೊಡಲು ಹೋಗಿದ್ದಾಗ, ಗುಬ್ಬಿ ತನ್ನ ಬೂದಿಬಣ್ಣದ ಕೋಣೆಯಲ್ಲಿ ಕೂತು ಕಾರ್ಡಿನಿಂದ ಇಳಿಸಿಟ್ಟ ಮೂಲ ಚಿತ್ರಗಳನ್ನೆಲ್ಲ ತೆರೆದಳು. ಗೆರೆ ಮುಟ್ಟಲಿಲ್ಲ, ಬಣ್ಣ ಮುಟ್ಟಲಿಲ್ಲ. ಅಳತೆ ಸರಿಮಾಡಿ, ಹೆಸರು ಕೊಟ್ಟು, ಅಣ್ಣನ ಸಹಿ ಒತ್ತಿ, ಹಳೆಯವನ್ನು ತೆಗೆದು ಇವನ್ನು ಹಾಕಿದಳು. ಚಿಕ್ಕಮ್ಮನದಕ್ಕೆ ಮಾತ್ರ ಸೀನಿನ ಚಿತ್ರ ಬಿಟ್ಟು, ತಲೆ ಹಿಂದಕ್ಕೆಸೆದು ನಗುತ್ತಿದ್ದ ಇನ್ನೊಂದನ್ನು ಆರಿಸಿದಳು. ಅದನ್ನು ತೆಗೆದದ್ದೂ ಅಣ್ಣನೇ. ಆಮೇಲೆ ಅತ್ತಿಗೆಯ ಹೆಸರಿನಲ್ಲಿ ತಂಗುದಾಣದ ಜಾಹೀರಾತಿನವರಿಗೂ ಹೊಸ ಚಿತ್ರ ಕಳಿಸಿದಳು. ಪ್ರದರ್ಶನದ ವಿಷಯದಲ್ಲಿ ಅತ್ತಿಗೆಯ ಮೇಲ್‌ಗಳನ್ನು ಬರೆಯುತ್ತಿದ್ದವಳೂ ಅವಳೇ ತಾನೇ?

‘ಇದ್ದ ಹಾಗೇ’ ಪ್ರದರ್ಶನದಲ್ಲಿ ಮೊದಲ ಸಲ ಎಲ್ಲರೂ ಇದ್ದ ಹಾಗೇ ಇದ್ದರು. ಡ್ರೈವರ್ ಊಟ ಮಾಡಿದ ತೃಪ್ತಿಯಲ್ಲಿ ಕೂತಿದ್ದ.

ಜನ ಮೋಸವಾಯಿತೆಂದು ಬೊಬ್ಬೆ ಹೊಡೆದರು. ಒಂದು ವಾರವೂ ಬೇಕಾಗಲಿಲ್ಲ. ಕಲಾವಿದ ಮುಖಗಳಿಗೆಲ್ಲ ಬ್ಯೂಟಿ ಪಾರ್ಲರ್ ಮಾಡಿಸಿದ್ದಾನೆ, ಯಾರ ಒತ್ತಡಕ್ಕೆ ಮಣಿದನೋ, ಅಸಲಿ ಸುಕ್ಕುಗಳನ್ನು ಕಂಪ್ಯೂಟರಿನಲ್ಲಿ ಒರೆಸಿ ಹಾಕಿದ್ದಾನೆ ಎಂದು ಒಬ್ಬ ವಿಮರ್ಶಕ ಉದ್ದಕ್ಕೆ ಬರೆದ. ಗ್ಯಾಲರಿಯ ಯಜಮಾನ ಕಣ್ಣು ಮುಚ್ಚುವುದನ್ನೂ ಮರೆತು ಫೋನಿನಲ್ಲಿ ಕಿರುಚಿದ.

ಅಣ್ಣ ಕೋಣೆಗೆ ನುಗ್ಗಿದ. ಮೊದಲ ಸಲ ಬಾಗಿಲು ಹಾಕಿಕೊಂಡ.

“ಏನೇ ಮಾಡಿದೀಯ? ನನ್ನ ಫೋಟೋಗಳೆಲ್ಲಿ?”

“ಪರದೆ ಮೇಲಿವೆಯಲ್ಲ.”

“ಅದು ನಾನು ತೆಗ್ದದ್ದಲ್ಲ!”

ಗುಬ್ಬಿ ಅವನ ಮುಂದೆ ಚಿಕ್ಕಮ್ಮನ ಎರಡು ಮುಖಗಳನ್ನು ಅಕ್ಕಪಕ್ಕ ತೆರೆದಳು. ಸೀನುವ ಮುಂಚಿನ ಮೂಲ ಚಿತ್ರ, ತಾನು ತಿದ್ದಿದ ಚಿತ್ರ. “ನಿನ್ನ ಕ್ಯಾಮೆರಾದಿಂದ ಬಂದದ್ದು ಎಡಗಡೇದು. ನೋಡು, ಕೆನ್ನೆ ತುಂಬ್ಕೊಂಡಿದೆ. ಮೂಗು ಕೆಂಪಗಾಗಿದೆ.”

ಅಣ್ಣ ನೋಡಿದ. ತಲೆಯಾಡಿಸಿದ. ಬಲಗಡೆಯದರ ಮೇಲೆ ಬೆರಳಿಟ್ಟ. “ಇಲ್ಲ. ನನ್ನ ಕಣ್ಣಿಗೆ ಕಂಡದ್ದು ಇದು.”

“ಅದು ನನ್ನ ಕೈ ಕೆಲ್ಸ ಕಣೋ.”

ಅವನು ನಾಟಕ ಆಡುತ್ತಿದ್ದಾನೆಂದು ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಅಲ್ಲ. ಅವನು ನಂಬಿದ್ದ. ಆ ದಪ್ಪ ಗಡ್ಡದ ಹಿಂದೆ ನಂಬಿಕೆಯೊಂದು ಹಾಯಾಗಿ ಕಾಲು ಚಾಚಿ ಮಲಗಿತ್ತು. ಕಳ್ಳನಾಗಿದ್ದರೆ ಒಂದಿಷ್ಟು ಗೌರವವಾದರೂ ಕೊಡಬಹುದಿತ್ತು ಎಂದು ಅವಳಿಗನ್ನಿಸಿತು.

“ಚಿಕ್ಕಮ್ಮ ಈಜಕ್ಕೆ ಹೋಗೋದು ಬಿಟ್ಟಿದಾಳೆ, ಗೊತ್ತಾ?”

“ಚಿಕ್ಕಮ್ಮಂಗೆ ಕಲೆ ಅರ್ಥ ಆಗಲ್ಲ ಗುಬ್ಬಿ. ವಾಪಸ್ ಹಾಕು. ಅಪ್‌ಲೋಡ್ ಮಾಡುವಾಗ ತಪ್ಪಾಯ್ತು ಅಂತ ಹೇಳೋಣ.”

ಗುಬ್ಬಿ ಎದ್ದಳು. ಎರಡೂ ಡಿಸ್ಕುಗಳನ್ನು ಅವನ ಮುಂದೆ ಇಟ್ಟಳು. ಪಾಸ್‌ವರ್ಡುಗಳನ್ನೆಲ್ಲ ಅವನ ಫೋನಿಗೆ ಕಳಿಸಿದಳು. “ಎಲ್ಲ ಇದ್ರಲ್ಲಿದೆ. ನೋಡ್ಕೋ” ಎಂದಳು. ತನ್ನ ಚೀಲ, ನೀರಿನ ಬಾಟಲಿ, ಚಳಿಗೆ ಹೊದೆಯುತ್ತಿದ್ದ ಶಾಲು ತೆಗೆದುಕೊಂಡು, ತಲೆ ತಗ್ಗಿಸಿ ಬಾಗಿಲು ದಾಟಿದಳು. ಅವನು ಕರೆಯಲಿಲ್ಲ. ಡಿಸ್ಕಿನ ತಂತಿ ಎಲ್ಲಿಗೆ ಚುಚ್ಚಬೇಕೆಂದು ಹುಡುಕುತ್ತಿದ್ದ.

ಹಳೆಯ ಚಿತ್ರಗಳನ್ನು ವಾಪಸ್ ಹಾಕುವುದು ಅವನಿಗೆ ಕೊನೆಗೂ ಸಾಧ್ಯವಾಗಲಿಲ್ಲ, ಸಾಧ್ಯವಾಗುವ ಅಗತ್ಯವೂ ಬೀಳಲಿಲ್ಲ. ಅತ್ತಿಗೆ ಕೂತು ಅರ್ಧ ಗಂಟೆಯಲ್ಲಿ ಒಂದು ಹೇಳಿಕೆ ಬರೆದಳು. ಪ್ರದರ್ಶನ ಬದಲಾದದ್ದು ತಪ್ಪಲ್ಲ, ಕಲಾವಿದನೇ ಯೋಜಿಸಿದ ಎರಡನೇ ಅಂಕವಂತೆ. ಮೊದಲು ಗಾಯ, ಆಮೇಲೆ ಮಾಯುವುದು. ಮುಖಗಳು ನೋಡುಗರ ಕಣ್ಣೆದುರೇ ಚೇತರಿಸಿಕೊಳ್ಳುತ್ತವೆ. ಉದ್ದಕ್ಕೆ ಬರೆದಿದ್ದ ವಿಮರ್ಶಕ ಇನ್ನೂ ಉದ್ದಕ್ಕೆ ಕ್ಷಮೆ ಕೇಳಿ ಬರೆದ. ಮೊದಲು ಬಂದವರೆಲ್ಲ ಎರಡನೇ ಸಲ ಬಂದರು. ಇದನ್ನು ಓದಿದಾಗ ಗುಬ್ಬಿಗೆ ನಗು ಬಂತು. ಇಂಥ ಜನರ ಬಣ್ಣ ಬಯಲು ಮಾಡುತ್ತೇನೆಂದು ಹೊರಟ ತನ್ನ ಬಗ್ಗೆಯೂ ನಗು ಬಂತು.

ತಂಗುದಾಣದ ನಗುವ ಮುಖ ನೋಡಿ ಚಿಕ್ಕಮ್ಮ ತಾನೇ ಫೋನ್ ಮಾಡಿದಳು. “ಆ ಗ್ಯಾಲರಿಗೆ ಕರ್ಕೊಂಡು ಹೋಗು. ಒಂದ್ಸಲ ನೋಡ್ಬೇಕು” ಎಂದಳು, ಅಷ್ಟೇ. ನೀಲಿ ರೇಷ್ಮೆ, ಮುತ್ತಿನ ಓಲೆ ಹಾಕಿಕೊಂಡು ಬಂದಳು. ಹಿಂದೆ ಈಜುಕೊಳದ ನಾಲ್ಕೈದು ಗೆಳತಿಯರ ದಂಡು.

ಅಣ್ಣ ಅಭಿಮಾನಿಗಳ ನಡುವೆ ನಿಂತಿದ್ದ. ಚಿಕ್ಕಮ್ಮನನ್ನು ಕಂಡವನೇ ಕೈಚಾಚಿ ಬಂದು, ಹೆಗಲು ಬಳಸಿ, “ಇವರೇ! ನನ್ನನ್ನ ಸಾಕಿದ ತಾಯಿ!” ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಫೋನುಗಳು ಮೇಲೆದ್ದವು.

ಚಿಕ್ಕಮ್ಮ ಅವನ ಕೈಯನ್ನು ಹೆಗಲಿನಿಂದ ಇಳಿಸಿದಳು. ಪರದೆಯ ಮೇಲಿನ ತನ್ನ ನಗುವನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇದು ಚೆನ್ನಾಗಿದೆ. ಯಾರು ತೆಗ್ದದ್ದು?”

“ನಾನೇ ಚಿಕ್ಕಮ್ಮ!”

“ಹಂಗಾದ್ರೆ ಆ ಮೊದಲನೇದು?”

ಅಣ್ಣ ಬಾಯಿ ತೆರೆದ. ಗುಬ್ಬಿಯ ಕಡೆ ನೋಡಿದ. ಗುಬ್ಬಿ ಅವನನ್ನೇ ನೋಡುತ್ತ ನಿಂತಳು, ಒಂದಕ್ಷರ ಸಹಾಯ ಮಾಡಲಿಲ್ಲ. “ಅದೂ... ನಾನೇ” ಎಂದ.

“ಮೊದಲು ನಿಂದೊಂದು ಮುಖ ಗಟ್ಟಿ ಮಾಡ್ಕೊಳೋ” ಎಂದಳು ಚಿಕ್ಕಮ್ಮ.

ಅಭಿಮಾನಿಗಳು ಗೊಳ್ಳೆಂದು ನಕ್ಕು ಚಪ್ಪಾಳೆ ತಟ್ಟಿದರು. ಎಂಥ ಹಾಸ್ಯಪ್ರಜ್ಞೆ ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದಳು. ಗೆಳತಿಯರ ದಂಡು ಪರದೆಯ ಮುಂದೆ ಸಾಲಾಗಿ ನಿಂತು ತಮ್ಮ ಫೋಟೋ ತಾವೇ ತೆಗೆದುಕೊಂಡಿತು.

ಹೊರಗೆ ಬಂದಾಗ ಬಿಸಿಲಿತ್ತು. ಗೆಳತಿಯರು ತಮ್ಮ ದಾರಿ ಹಿಡಿದರು. ತಂಗುದಾಣದ ಬೆಂಚಿನ ಮೇಲೆ ಚಿಕ್ಕಮ್ಮ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಗುಬ್ಬಿ ನಿಂತೇ ಇದ್ದಳು.

“ಕೆಲ್ಸ ಬಿಟ್ಟೆಯಂತೆ.”

“ಹೂಂ.”

“ಏನ್ ಮಾಡ್ತೀಯ?”

“ಗೊತ್ತಿಲ್ಲ. ನಂಗೆ ಬರೋದು ಇದೊಂದೇ. ಬೇರೆ ಯಾರದ್ದೋ ಬೋಳುತಲೆಗೆ ಕೂದಲು ಹಾಕ್ತೀನಿ.”

ಚಿಕ್ಕಮ್ಮ ನಗಲಿಲ್ಲ. “ನಿನ್ನ ಮೇಲಿನ ಸಿಟ್ಟು ನಂಗಿನ್ನೂ ಹೋಗಿಲ್ಲ. ಬೇಗ ಹೋಗೋ ಹಂಗೂ ಕಾಣ್ಸಲ್ಲ.”

“ಗೊತ್ತು ಚಿಕ್ಕಮ್ಮ.”

“ಗೊತ್ತಿರ್ಲಿ. ಹತ್ತು, ಬಸ್ಸು ಬಂತು.”

ಇಬ್ಬರೂ ಹತ್ತಿದರು. ಕಿಟಕಿಯ ಪಕ್ಕದ ಸೀಟನ್ನು ಚಿಕ್ಕಮ್ಮ ತಾನೇ ಹಿಡಿದಳು, ತುಸು ಸರಿದು ಗುಬ್ಬಿಗೆ ಜಾಗ ಮಾಡಿದಳು.